ಗಂಗಾಂಬಿಕಾ ಕಟ್ಟಿದ ಸೈಕಲ್ಲು, ಜಡೆಪ್ಪ ಹಾಕಿದ ಬೆಸುಗೆ

ಕಂಪ್ಲಿಯಲ್ಲಿ ಅಕ್ಕಿ ಗಿರಣಿ ಇಟ್ಟವರಿಗೆಲ್ಲ ಗಂಗಾಂಬಿಕಾ ಗೊತ್ತು. ಸುಗ್ಗಿಯ ನಡುವೆ ಗಿರಣಿ ನಿಂತಿತೆಂದರೆ ಜನ ಮೊದಲು ಓಡುವುದು ಅವಳ ಅಂಗಡಿಗೆ. ಬೆಲ್ಟು, ಬೇರಿಂಗು, ಜರಡಿ, ಆಯಿಲ್ ಸೀಲು ಯಾವ ಗೂಡಿನಲ್ಲಿದ್ದರೂ ತಿರುಗಿ ನೋಡದೆ ತೆಗೆದುಕೊಡುತ್ತಾಳೆ. ಮದುವೆಯಾಗಿ ಬಂದ ಹೊಸತರಲ್ಲಿ ಮಾವ ಅವಳನ್ನು ಗಲ್ಲೆಯಲ್ಲಿ ಕೂರಿಸಿದ್ದರು. ಅವರು ತೀರಿಕೊಂಡ ಮೇಲೂ ಅಲ್ಲೇ ಉಳಿದಳು. ಗಂಡ ರೇವಣಸಿದ್ದ ಗಿರಣಿ ನೋಡಿಕೊಳ್ಳುತ್ತಾನೆ.

ಒಮ್ಮೆ ಹಂಪಿಗೆ ಬಂದಿದ್ದ ಯಾರೋ ಒಬ್ಬ ಸವಾರ ಬೇರಿಂಗು ಹುಡುಕಿಕೊಂಡು ಅವಳ ಅಂಗಡಿಗೆ ಬಂದ. ಗುಡ್ಡ ಹತ್ತುವ ದಪ್ಪ ಟೈರಿನ ಸೈಕಲ್ಲನ್ನು ಮೆಟ್ಟಿಲ ಕೆಳಗೆ ತಲೆಕೆಳಗು ಮಾಡಿ ನಿಲ್ಲಿಸಿದ. ಗಂಗಾಂಬಿಕಾ ಇಳಿದು ಬಂದು ಅದರ ಸುತ್ತ ಓಡಾಡಿದಳು. ಎಲ್ಲವೂ ಬಿಡಿ ಬಿಡಿ ಸಾಮಾನೇ. ಬಿಚ್ಚಬಹುದು, ಬದಲಾಯಿಸಬಹುದು. ಆದರೂ ಒಟ್ಟಾಗಿ ಅದೇನೋ ಒಂದು ಪ್ರಾಣಿಯ ಹಾಗಿತ್ತು.

ಆ ದಿನ ಊಟಕ್ಕೆ ಕೂತಾಗ ಗಂಡನಿಗೆ ಹೇಳಿದಳು: "ಇಷ್ಟು ವರ್ಷ ಬಿಡಿ ಸಾಮಾನು ಮಾರೀನಿ ರೀ. ಒಂದಾದ್ರೂ ಇಡೀ ವಸ್ತು ಕೈಯಾರೆ ಮಾಡಿಲ್ಲ. ಒಂದು ಸೈಕಲ್ಲು ಕಟ್ತೀನಿ."

"ಅಂಗಡ್ಯಾಗ ತಯಾರಾದದ್ದು ಸಿಗತೈತಲ್ಲ?"

"ತಯಾರಾದದ್ದು ಬ್ಯಾಡ."

ರೇವಣಸಿದ್ದ ನಕ್ಕು ಮಜ್ಜಿಗೆ ಸುರಿದುಕೊಂಡ. ಹೆಂಡತಿ ಬ್ಯಾಡ ಅಂದರೆ ಬ್ಯಾಡವೇ ಎಂದು ಅವನಿಗೆ ಗೊತ್ತಿತ್ತು.

ಗಾಲಿಗಳನ್ನು ಹೊಸಪೇಟೆಯಿಂದ ತಂದಳು. ಗೇರು, ಚೈನು, ಡಿಸ್ಕ್ ಬ್ರೇಕು ಒಂದೊಂದಾಗಿ ಕೊರಿಯರ್‌ನಲ್ಲಿ ಬಂದವು. ಮುಖ್ಯವಾದ ಫ್ರೇಮು ಮಾತ್ರ ಮನಸ್ಸಿಗೆ ಒಪ್ಪುವಂಥದ್ದು ಸಿಗಲಿಲ್ಲ. ಆಗ ಯಾರೋ ಸಂಡೂರಿನ ಜಡೆಪ್ಪನ ಮನೆಯಲ್ಲಿ ಒಂದು ಹಳೆಯ ಫ್ರೇಮಿದೆ ಎಂದರು. ಜಡೆಪ್ಪ ಗಣಿಯ ವರ್ಕ್‌ಶಾಪಿನಲ್ಲಿ ವೆಲ್ಡರ್ ಆಗಿ ನಿವೃತ್ತನಾದವನು. ಈಗ ಮನೆ ಪಕ್ಕದ ತಗಡಿನ ಶೆಡ್ಡಿನಲ್ಲಿ ಊರವರ ಗೇಟು, ಏಣಿ, ಟ್ರೇಲರುಗಳಿಗೆ ಬೆಸುಗೆ ಹಾಕಿಕೊಂಡಿದ್ದ.

ಗಂಗಾಂಬಿಕಾ ಹೋದಾಗ ಆತ ಫ್ರೇಮನ್ನು ಅಟ್ಟದಿಂದ ಇಳಿಸಿ ಕೆಂಪು ಧೂಳು ಒರೆಸಿದ. ಮುಂದಿನ ಗಾಲಿಯನ್ನು ಹಿಡಿಯುವ ಫೋರ್ಕು ಅದರಲ್ಲೇ ಕೂತಿತ್ತು. ಒರೆಸುವಾಗ ಆತ ಮುಖವನ್ನು ತೀರ ಹತ್ತಿರ ತಂದು, ಕಣ್ಣಿಗಿಂತ ಹೆಚ್ಚಾಗಿ ಬೆರಳಿನಿಂದ ನೋಡುತ್ತಿದ್ದ. ಕಣ್ಣಿಗೆ ಪೊರೆ ಬಂದಿರಬೇಕು ಅನ್ನಿಸಿತು ಅವಳಿಗೆ.

"ಇದು ನಮ್ಮ ಮಗ ಜಂಬುನಾಥಂದು ರೀ ಅಮ್ಮಾರ. ರಾಮಗಡದ ಇಳಕಲಿನ್ಯಾಗ ಬಿದ್ದ. ಕಾಲು ಮೊದಲಿನಂಗ ಆಗಲಿಲ್ಲ. ಇದನ್ನ ನೋಡಾಕ ಆಗವಲ್ದು ನನಗ, ತಗೊಂಡು ಹೋಗ್ರಿ."

ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ತಾಯಕ್ಕ ತಡೆದಳು. "ಹುಡುಗ ರಜಾಕ್ಕ ಮನಿಗೆ ಬರಲಿ. ಅವನ್ನ ಒಂದು ಮಾತು ಕೇಳು."

"ಅವ ಅದನ್ನ ಮುಟ್ಟೂದೂ ಇಲ್ಲ, ಮಾರೂದೂ ಇಲ್ಲ. ಕೇಳೂದೇನೈತಿ?" ಜಡೆಪ್ಪ ಫ್ರೇಮನ್ನು ಎತ್ತಿ ಗಂಗಾಂಬಿಕಾಳ ಕಾರಿನಲ್ಲಿಟ್ಟ. "ಗಟ್ಟಿ ಐತ್ರಿ. ನನ್ನ ಕೈ ಬಿದ್ದದ್ದು ಬಿಡಂಗಿಲ್ಲ."

ಕಾರು ತಿರುಗುವಾಗ ಕನ್ನಡಿಯಲ್ಲಿ ತಾಯಕ್ಕ ಕಂಡಳು. ಕಾರಿನ ಹಿಂದೆ ನಾಲ್ಕು ಹೆಜ್ಜೆ ಬಂದು, ಏನೋ ಹೇಳಹೊರಟು ನಿಂತಳು.

ಅಂಗಡಿಯ ಹಿಂದಿನ ಗೋದಾಮಿನಲ್ಲಿ ಕೆಲಸ ಶುರುವಾಯಿತು. ಗಂಗಾಂಬಿಕಾ ಫೋರ್ಕನ್ನು ಕೆಳಗೆ ಎಳೆದು ನೋಡಿದಳು. ಎರಡು ಕಾಲುಗಳ ಮೇಲೊಂದು ಕೊಳವೆ. ಅದು ಫ್ರೇಮಿನ ತಲೆಯೊಳಗೆ ಹಾಯ್ದು ಮೇಲೆ ಹ್ಯಾಂಡಲನ್ನು ಹಿಡಿಯುತ್ತದೆ. ಕೊಳವೆಯ ತುಂಬ ಗ್ರೀಸು ಟಾರಿನ ಹಾಗೆ ಗಟ್ಟಿಯಾಗಿ ಮೆತ್ತಿಕೊಂಡಿತ್ತು. ಇಷ್ಟೊಂದು ಗ್ರೀಸು ಯಾರು ಮೆತ್ತುತ್ತಾರೆ ಎಂದುಕೊಂಡಳು. ಮೇಲೆ ಮೇಲೆ ಒರೆಸಿ, ಬೇರಿಂಗು ಹೊಸದು ಹಾಕಿ, ಮತ್ತೆ ಕೂರಿಸಿದಳು.

ಪೆಡಲಿನ ನಡುಗಂಬಿ ಕೂರಿಸುವುದರಲ್ಲಿ ಒಂದಿಡೀ ಮಧ್ಯಾಹ್ನ ಹೋಯಿತು. ಎಷ್ಟು ಬಲ ಹಾಕಿದರೂ ಹತ್ತಲೊಲ್ಲದು. ಬಲಗಡೆಯ ಥ್ರೆಡ್ಡು ಉಲ್ಟಾ ತಿರುಗುತ್ತದೆ ಎಂದು ತಿಳಿದಾಗ ಒಬ್ಬಳೇ ಜೋರಾಗಿ ನಕ್ಕಳು. ಚೈನು ಒಮ್ಮೆ ಉದ್ದವಾಯಿತು, ಒಮ್ಮೆ ಗಿಡ್ಡವಾಯಿತು. ಅಂಗೈಗೆ ಬೊಬ್ಬೆ ಬಂತು. ರೇವಣಸಿದ್ದ ಗೋದಾಮಿಗೆ ಬಂದು ನೋಡಿ, "ದೇವರ ಪೂಜಿಗೂ ಹಿಂಗ ಕುಂತಿಲ್ಲ ನೀನು" ಅಂದ.

ಫೋನು ಬರತೊಡಗಿದ್ದು ಆಗಲೇ. ಗೊತ್ತಿಲ್ಲದ ನಂಬರು. ಎತ್ತಿದರೆ ಯಾವುದೋ ಯಂತ್ರದ ಭರಾಟೆ, ನಡುವೆ ಒಬ್ಬ ಗಂಡಸಿನ ಉಸಿರು, ಆಮೇಲೆ ಕಟ್. ಇವಳು ತಿರುಗಿ ಮಾಡಿದರೆ ಎತ್ತುವವರಿಲ್ಲ. ಒಂದು ಸಲ ಮಾತ್ರ ದನಿ ಸ್ಪಷ್ಟವಾಗಿ ಕೇಳಿತು.

"ಸಂಡೂರಿನಿಂದ ಸೈಕಲ್ಲು ಒಯ್ದವರು ನೀವಲ್ರಿ? ಅದನ್ನ ಜೋಡಿಸಬ್ಯಾಡ್ರಿ. ಹತ್ತಬ್ಯಾಡ್ರಿ."

"ಯಾರು ಮಾತಾಡೂದು?"

ಕಟ್ಟಾಯಿತು.

"ಆ ಹುಡುಗನೇ ಇರಬೇಕು. ಕೇಳದೆ ಮಾರ್‍ಯಾರ ಅಂತ ಸಿಟ್ಟು, ವಾಪಸ್ ಬೇಕಾಗೇತಿ" ಎಂದ ರೇವಣಸಿದ್ದ. "ಕೊಟ್ಟುಬಿಡು ಗಂಗಾ. ಬಿದ್ದವರ ಗಾಡಿ ಮನ್ಯಾಗ ಯಾಕ?"

ಅವಳಿಗೂ ಒಳಗೊಳಗೆ ಅಳುಕು. ಆದರೆ ಅರ್ಧಕ್ಕಿಂತ ಹೆಚ್ಚು ಕಟ್ಟಿಯಾಗಿತ್ತು. ಬೇಕಾದರೆ ಎದುರಿಗೆ ಬಂದು ಕೇಳಲಿ ಎಂದುಕೊಂಡಳು. ಮರುವಾರ ಅಂಗಡಿಯ ಮುಂದೆ ಹಣ್ಣು ಮಾರುವ ಹುಲುಗಮ್ಮ ಹೇಳಿದಳು: "ನೀನು ಊಟಕ್ಕ ಹೋದಾಗ ಒಬ್ಬ ಬಂದಿದ್ದ ನೋಡಕ್ಕ. ಕಾಲು ಎಳೀತಿದ್ದ. ಗೋದಾಮಿನ ಕಿಟಕಿಗೆ ಮುಖ ಹಚ್ಚಿ ನಿಂತಿದ್ದ. ಯಾಕಪ್ಪಾ ಅಂದ್ರ ತಿರುಗಿ ಹೊಂಟುಹ್ವಾದ."

ಗಂಗಾಂಬಿಕಾ ಅಂದಿನಿಂದ ಗೋದಾಮಿಗೆ ಎರಡು ಬೀಗ ಹಾಕತೊಡಗಿದಳು.

ಸೈಕಲ್ಲು ಎದ್ದು ನಿಂತ ಮೇಲೆ ಒಂದು ಭಾನುವಾರ ಬೆಳಗಿನ ಜಾವ ರಾಮಸಾಗರದ ದಾರಿ ಹಿಡಿದಳು. ಒಂದು ಕಡೆ ಕಾಲುವೆ, ಇನ್ನೊಂದು ಕಡೆ ಭತ್ತ. ಗಾಳಿಯಲ್ಲಿ ಕೆಸರಿನ ತಂಪು. ಗೇರು ಒಂದರಿಂದ ಒಂದಕ್ಕೆ ಬೆಣ್ಣೆಯಂತೆ ಜಾರಿತು. ತಾನೇ ಕಟ್ಟಿದ್ದು ತನ್ನನ್ನು ಹೊತ್ತು ಹೋಗುತ್ತಿದೆ! ಆ ಸಂತೋಷ ಅವಳಿಗೆ ಮೈಲಿ ದೂರ ಕೂಡ ಉಳಿಯಲಿಲ್ಲ.

ಟಕ್.

ಸಣ್ಣ ಸದ್ದು. ಮುಂದಿನ ಬ್ರೇಕು ಹಿಡಿದಾಗ ಬಂತು. ನಿಲ್ಲಿಸಿ ನೋಡಿದಳು. ಬ್ರೇಕು ಸರಿ ಇತ್ತು, ಗಾಲಿ ಸರಿ ಇತ್ತು. ಹ್ಯಾಂಡಲಿನ ಬೋಲ್ಟು ಬಿಗಿಯಾಗಿತ್ತು. ಹತ್ತಿ ಹೊರಟಳು. ಬುಕ್ಕಸಾಗರದ ಹತ್ತಿರ ದಾರಿ ಬಂಡೆಗಳ ನಡುವೆ ಏರಿತು. ಏರುವಾಗ ಸದ್ದಿರಲಿಲ್ಲ. ನೆತ್ತಿ ಮುಟ್ಟಿ, ಕೆಳಗಿನ ಬಾಳೆ ತೋಟಗಳ ಕಡೆಗೆ ಇಳಿಯುವ ಕಲ್ಲುದಾರಿಗೆ ಗಾಲಿ ಇಟ್ಟಳು. ಬ್ರೇಕು ಹಿಡಿದದ್ದೇ ತಡ, ಟಕ್, ಟಕ್. ಈ ಸಲ ಕಿವಿಗಿಂತ ಮೊದಲು ಅಂಗೈಗೆ ತಿಳಿಯಿತು. ಗಾಲಿ ನೇರ ಇದ್ದಂತೆಯೇ ಹ್ಯಾಂಡಲು ಕೂದಲೆಳೆಯಷ್ಟು ಪಕ್ಕಕ್ಕೆ ಸರಿಯಿತು.

ಅವಳು ಕಾಲೂರಿ ನಿಂತಳು. ಮುಂದೆ ದಾರಿ ಕಡಿದಾಗಿ ಬಂಡೆಗಳ ಸಂದಿಗೆ ಬೀಳುತ್ತಿತ್ತು. ಹತ್ತಬ್ಯಾಡ್ರಿ ಎಂದ ದನಿ ನೆನಪಾಯಿತು. ಸೈಕಲ್ಲನ್ನು ತಿರುಗಿಸಿ, ಬಂದ ದಾರಿಯುದ್ದಕ್ಕೂ ತಳ್ಳಿಕೊಂಡೇ ಕಂಪ್ಲಿ ಸೇರಿದಳು.

ಸ್ನಾನಕ್ಕೂ ಹೋಗದೆ ಫೋರ್ಕು ಇಳಿಸಿದಳು. ಸೀಮೆಎಣ್ಣೆ ಹಾಕಿ ಹಳೆಯ ಗ್ರೀಸನ್ನೆಲ್ಲ ಕೆರೆದು ತೆಗೆದಳು. ಅದರ ಕೆಳಗೆ ಕಪ್ಪು ಬಣ್ಣ, ಬಣ್ಣದ ಕೆಳಗೆ ಕೊಳವೆಯ ಸುತ್ತ ಒಂದು ಉಂಗುರ. ಬೆಸುಗೆ! ಕೊಳವೆ ಗಿಡ್ಡವಾಯಿತೆಂದು ಮೇಲೊಂದು ತುಂಡು ಜೋಡಿಸಿ, ಉಜ್ಜಿ ನುಣ್ಣಗೆ ಮಾಡಿ, ಬಣ್ಣ ಬಳಿದಿದ್ದರು. ಬೆಸುಗೆಯ ಅಂಚಿಗೆ ಅರ್ಧಕ್ಕಿಂತ ಹೆಚ್ಚು ಸುತ್ತು ಬಿರುಕು ಓಡಿತ್ತು. ಬಿರುಕಿನೊಳಗೆ ಹಳೆಯ ತುಕ್ಕಿತ್ತು. ಅಂದರೆ ಇವತ್ತಿನ ಬಿರುಕಲ್ಲ.

ಗೋದಾಮಿನ ಬಾಗಿಲಿಗೆ ನೆರಳು ಬಿತ್ತು. ಮೂವತ್ತರ ಆಸುಪಾಸಿನ ಗಂಡಸು. ಎಡಗಾಲು ಎಳೆಯುತ್ತ ಒಳಗೆ ಬಂದವನು ಅವಳ ಕೈಯಲ್ಲಿದ್ದ ಕೊಳವೆ ನೋಡಿ ಗೋಡೆ ಹಿಡಿದು ಕೂತುಬಿಟ್ಟ.

"ಹತ್ತಲಿಲ್ಲಲ್ರಿ ಅಕ್ಕಾರ?"

"ಹತ್ತಿದ್ದೆ. ಸದ್ದು ಕೇಳಿ ಇಳದೆ. ನೀನು ಜಂಬುನಾಥ ಅಲ್ಲ?"

ಅವನು ತಲೆಯಾಡಿಸಿದ. ಕುರೆಕುಪ್ಪದಲ್ಲಿ ರೂಮು ಮಾಡಿಕೊಂಡು ಕಾರ್ಖಾನೆಯ ಪಾಳಿ ಕೆಲಸ ಮಾಡುತ್ತಿದ್ದ. ಅಪ್ಪ ಮಾರಿದ ಸುದ್ದಿಯೂ ಅವಳ ನಂಬರೂ ತಾಯಿಯಿಂದ ಸಿಕ್ಕಾಗಿನಿಂದ ನಿದ್ದೆಯಿಲ್ಲ ಎಂದ.

"ಫೋನಿನ್ಯಾಗ ಯಾಕ ಹೇಳಲಿಲ್ಲ? ಕಳ್ಳನಂಗ ಕಿಟಕ್ಯಾಗ ಯಾಕ ನೋಡಿದಿ?"

"ಹೇಳಿದ್ರ ನೀವು ಹೋಗಿ ಅಪ್ಪನ್ನ ಕೇಳ್ತಿದ್ರಿ." ಅವನು ಕೊಳವೆಯ ಉಂಗುರವನ್ನು ತೋರಿಸಿದ. "ಇದು ಅಪ್ಪನ ಕೈ. ನನಗ ಅಂತ ಖುಷಿಲೇ ಮಾಡಿಕೊಟ್ಟಿದ್ದ. ಇಳಕಲಿನ್ಯಾಗ ಹ್ಯಾಂಡಲು ಒಂದು ಕಡಿ, ಗಾಲಿ ಒಂದು ಕಡಿ ಆತು. ಜೋರು ಹೊಡದು ಬಿದ್ದೆ ಅಂತ ಎಲ್ಲರಿಗೂ ಹೇಳಿದೆ. ಕಾಲಿನ ಪಟ್ಟಿ ಬಿಚ್ಚಿದ ಮ್ಯಾಲ ಬಿರುಕು ಕಾಣದಂಗ ನಾನೇ ಗ್ರೀಸು ಮೆತ್ತಿ ಅಟ್ಟಕ್ಕ ಹಾಕಿದೆ. ಅಪ್ಪಗ ತಿಳೀಬಾರದು ಅಕ್ಕಾರ. ಬೆಸಿಗಿ ಅಂದ್ರ ಅವನ ಮರ್ಯಾದಿ. ಇದನ್ನ ಗುಜರಿಗೆ ಹಾಕ್ರಿ, ನಾನು ಬ್ಯಾರೆ ಫೋರ್ಕು ತಂದುಕೊಡ್ತೀನಿ."

ಗಂಗಾಂಬಿಕಾ ಕೊಳವೆಯನ್ನು ಬಟ್ಟೆಯಿಂದ ಒರೆಸಿದಳು. ಬೆರಳಿನಿಂದ ಫ್ರೇಮು ನೋಡುತ್ತಿದ್ದ ಜಡೆಪ್ಪನೇ ಅವಳ ಕಣ್ಣ ಮುಂದಿದ್ದ.

"ನಿಮ್ಮಪ್ಪ ಈಗಲೂ ಬೆಸಿಗಿ ಹಾಕ್ತಾರಲ್ಲೋ ತಮ್ಮಾ?"

ಜಂಬುನಾಥ ಕೊಳವೆಯನ್ನು ತನ್ನ ಕಡೆಗೆ ಎಳೆದುಕೊಂಡ.

"ಅವರಿಗೆ ಕಣ್ಣು ಕಾಣಂಗಿಲ್ಲ. ನಿನಗ ಗೊತ್ತೈತಿ."

"ಗೊತ್ತೈತ್ರಿ" ಎಂದು ಅವನು ನೆಲಕ್ಕೆ ಹೇಳಿದ.

ಆ ಮಧ್ಯಾಹ್ನವೇ ಇಬ್ಬರೂ ಸಂಡೂರಿಗೆ ಹೋದರು. ಹೊಸಪೇಟೆ ದಾಟಿ ಗುಡ್ಡಗಳ ನಡುವೆ ಕಾರು ನುಗ್ಗುವಾಗ ಅದಿರಿನ ಲಾರಿಗಳು ಒಂದರ ಹಿಂದೊಂದು ಎದುರಾದವು. ಜಂಬುನಾಥ ಕೊಳವೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ.

ಜಡೆಪ್ಪ ಶೆಡ್ಡಿನ ಮುಂದೆ ಚಹಾ ಕುಡಿಯುತ್ತಿದ್ದ. "ಗಾಡಿ ಹೆಂಗ ಓಡ್ತೈತ್ರಿ ಅಮ್ಮಾರ?" ಎಂದು ಎದ್ದ. ಮಗ ಕೊಳವೆಯನ್ನು ಅವನ ಕೈಗಿಟ್ಟ. ಜಡೆಪ್ಪ ಹೆಬ್ಬೆರಳಿನಿಂದ ಉಂಗುರವನ್ನು ಸುತ್ತಿದ. ಒಂದು ಕಡೆ ಉಗುರು ಸಿಕ್ಕಿಕೊಂಡಿತು. ಮತ್ತೊಮ್ಮೆ ಸುತ್ತಿದ. ಅಲ್ಲೇ ಸಿಕ್ಕಿಕೊಂಡಿತು.

"ನೀನು ಬಿದ್ದಾಗಿಂದೇನು?" ಎಂದ.

"ಹೂನಪ್ಪ."

"ನನಗ ಹೇಳಲಿಲ್ಲ."

"ಹೆಂಗ ಹೇಳಲಿ?"

ಜಡೆಪ್ಪ ಶೆಡ್ಡಿನ ಕಡೆ ನೋಡಿದ. ಕೊಳವೆಯನ್ನು ಕಲ್ಲಿನ ಮೇಲಿಟ್ಟು ಹೆಂಡತಿಯ ಕಡೆ ತಿರುಗಿದ. "ಮೂಕಣ್ಣನ ಟ್ರೇಲರ್ ಯಾವಾಗ ಒಯ್ದ?"

"ಈಗಿನ್ನ ಹ್ವಾದನಲ್ಲ. ಕೂಲಿಯವರನ್ನ ಕುಂದ್ರಿಸ್ಕೊಂಡು" ಎಂದಳು ತಾಯಕ್ಕ.

ಟ್ರ್ಯಾಕ್ಟರಿಗೆ ಟ್ರೇಲರನ್ನು ಸಿಕ್ಕಿಸುವ ಕೊಂಡಿಗೆ ಆ ಬೆಳಿಗ್ಗೆಯೇ ಜಡೆಪ್ಪ ಬೆಸುಗೆ ಹಾಕಿದ್ದ. ಮೂಕಣ್ಣನಿಗೆ ಫೋನು ಮಾಡಿದರು. ರಿಂಗಾಯಿತು, ಎತ್ತಲಿಲ್ಲ. ಟ್ರ್ಯಾಕ್ಟರಿನ ಸದ್ದಿನಲ್ಲಿ ಕೇಳಿಸುವುದಾದರೂ ಹೇಗೆ? ಗಂಗಾಂಬಿಕಾ, ಅಪ್ಪ, ಮಗ ಮೂವರೂ ಕಾರು ಹತ್ತಿದರು. ಜಡೆಪ್ಪ ಮುಂದಿನ ಸೀಟಿನಲ್ಲಿ ಕೂತು ದಾರಿಗೆ ಕಣ್ಣು ಕಿರಿದು ಮಾಡಿದ್ದ, ಏನೂ ಕಾಣದಿದ್ದರೂ. ಪ್ರತಿ ತಿರುವಿನಲ್ಲಿ "ಕಾಣತೈತೇನು? ಕಾಣತೈತೇನು?" ಎನ್ನುತ್ತಿದ್ದ.

ಘಾಟಿಯ ಇಳಿಜಾರು ಶುರುವಾಗುವ ಮೊದಲು ಟ್ರೇಲರು ಸಿಕ್ಕಿತು. ಹೆಂಗಸರು ಗಂಟುಮೂಟೆ ಹಿಡಿದು ಹಾಡಿಕೊಂಡು ಕೂತಿದ್ದರು. ಗಂಗಾಂಬಿಕಾ ಹಾರ್ನು ಒತ್ತಿಹಿಡಿದು ಮುಂದೆ ಹೋಗಿ ಅಡ್ಡ ನಿಲ್ಲಿಸಿದಳು. ಮೂಕಣ್ಣ ಇಳಿದು ಕೊಂಡಿ ನೋಡಿ, "ಏನೂ ಆಗಿಲ್ಲಲ್ಲೋ ಯಜಮಾನ, ಕಲ್ಲಿನಂಗೈತಿ" ಎಂದು ನಕ್ಕ. ಜಡೆಪ್ಪ ಕೇಳಲಿಲ್ಲ. ಒಬ್ಬೊಬ್ಬ ಹೆಂಗಸಿನ ಕೈ ಹಿಡಿದು ತಾನೇ ಇಳಿಸಿದ. ಕೊಂಡಿ ಬಿಚ್ಚುವವರೆಗೂ ಗಾಲಿಯ ಮುಂದೆ ನೆಲಕ್ಕೆ ಕೂತಿದ್ದ. ಮರುದಿನ ಬೇರೆಯವರು ಆ ಬೆಸುಗೆಯನ್ನು ಒಡೆದು ನೋಡಿದಾಗ ಒಂದು ಬದಿ ಹಿಡಿದಿತ್ತು, ಇನ್ನೊಂದು ಬದಿ ಮೇಲ್ಮೇಲೆ ಕೂತಿತ್ತು ಅಷ್ಟೇ.

ಆಮೇಲೆ ಜಡೆಪ್ಪ ಶೆಡ್ಡು ತೆರೆಯಲಿಲ್ಲ. ಕಣ್ಣು ಮಬ್ಬಾದ ಮೇಲೆ ತಾನು ಯಾರ್‍ಯಾರಿಗೆ ಏನೇನು ಮಾಡಿಕೊಟ್ಟೆ ಎಂದು ನೆನೆಸಿಕೊಂಡು, ಮಗನ ಬೈಕಿನ ಹಿಂದೆ ಕೂತು ಊರೂರು ಸುತ್ತಿದ. ಏಣಿ, ಉಯ್ಯಾಲೆ, ನೀರಿನ ಟ್ಯಾಂಕಿನ ಕಾಲು. "ಒಮ್ಮೆ ನೋಡಿಸ್ರಿ, ನನ್ನ ಕೈ ನಂಬಬ್ಯಾಡ್ರಿ" ಎಂದು ಕೈ ಮುಗಿಯುತ್ತಿದ್ದ. ಕೆಲವರು ನಕ್ಕರು, ಕೆಲವರು ಬೈದರು. ಮಗನ ಕಾಲಿನ ವಿಷಯ ಇಬ್ಬರೂ ಮತ್ತೆ ಎತ್ತಲಿಲ್ಲವಂತೆ.

ಗಂಗಾಂಬಿಕಾ ಹೊಸ ಫೋರ್ಕು ತರಿಸಿ ಸೈಕಲ್ಲನ್ನು ಮತ್ತೆ ಕಟ್ಟಿದಳು. ಈಗ ಯಾವ ಸದ್ದೂ ಇಲ್ಲ. ಆದರೂ ಇಳಿಜಾರು ಬಂದಾಗಲೆಲ್ಲ ಕಿವಿ ತಾನಾಗಿ ಮುಂದಿನ ಗಾಲಿಗೆ ಹೋಗುತ್ತಿತ್ತು.

ಭತ್ತದ ಕೊಯ್ಲಿನ ಹೊತ್ತಿಗೆ ಜಡೆಪ್ಪನ ಫೋನು ಬಂತು.

"ಗಂಗಮ್ಮಾರ, ನಿಮ್ಮ ಕಡಿ ಎಮ್ಮಿಗನೂರಿನವರಿಗೆ ಒಂದು ತೊಟ್ಟಿಲ ಸ್ಟ್ಯಾಂಡು ಮಾಡಿಕೊಟ್ಟಿದ್ದೆ. ಚೊಚ್ಚಲ ಕೂಸು ಅಂದಿದ್ರು. ಹೆಸರು ನೆನಪಾಗವಲ್ದು."

ಅವಳು ಸೈಕಲ್ಲು ಹತ್ತಿ ಎಮ್ಮಿಗನೂರಿಗೆ ಹೋದಳು. ಓಣಿ ಓಣಿ ಕೇಳಿದಳು. ಒಬ್ಬರು ಮರದ ತೊಟ್ಟಿಲು ತೋರಿಸಿದರು, ಇನ್ನೊಬ್ಬರು ತಮ್ಮದು ಹೊಸಪೇಟೆಯ ಅಂಗಡಿಯದೆಂದರು. ಊರ ತುದಿಯಲ್ಲಿ ಬೀಗ ಹಾಕಿದ ಮನೆಯೊಂದರ ಪಕ್ಕದ ಕಟ್ಟೆಯಲ್ಲಿ ಮುದುಕಿಯೊಬ್ಬಳು ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು.

"ಕಬ್ಬಿಣದ ತೊಟ್ಟಿಲೇನವಾ? ಇವರದೇ ಇತ್ತು. ಕಬ್ಬು ಕಡಿಯಾಕ ಹೋಗ್ಯಾರ. ಎಲ್ಲಿಗಂತ ಗೊತ್ತಿಲ್ಲ."

"ತೊಟ್ಟಿಲು ಒಳಗ ಐತೇನಜ್ಜಿ?"

"ಕೂಸು ಎಲ್ಲಿ ಮಲಗಬೇಕು? ಹೊತ್ಕೊಂಡು ಹೋಗ್ಯಾರ."

ಮುದುಕಿ ಹೇಳಿದ ನಂಬರಿಗೆ ಫೋನು ಮಾಡಿದಳು. ಅದು ಸ್ವಿಚ್ ಆಫ್ ಆಗಿತ್ತು. ಕಬ್ಬಿನ ಗದ್ದೆಗಳು ನದಿಯ ಉದ್ದಕ್ಕೂ ಇದ್ದವು, ಎಲ್ಲ ಕಡೆ ಕಟಾವು ನಡೆದಿತ್ತು. ಗಂಗಾಂಬಿಕಾ ಸೈಕಲ್ಲಿನ ಹ್ಯಾಂಡಲು ಹಿಡಿದು, ಎಲ್ಲಕ್ಕಿಂತ ಹತ್ತಿರದ ಗದ್ದೆ ಯಾವುದೆಂದು ಮುದುಕಿಯನ್ನು ಕೇಳಿದಳು.