ಉಮ್ಮ ನಮಾಜು ಬಿಟ್ಟದ್ದು

ಉಮ್ಮ ನಮಾಜು ಬಿಟ್ಟಳು. ನನಗೆ ಕಂಡ ಮೊದಲ ರೋಗಲಕ್ಷಣ ಅದು.

ಮೊಣಕಾಲು ನೋವಿರಬೇಕು ಎಂದುಕೊಂಡೆ. ಕೇಳಿದರೆ "ಎಂತ ಇಲ್ಲ ಮಗಾ" ಎಂದಳು. ಎರಡು ತಿಂಗಳಲ್ಲಿ ಮುಖ ಬಿಳುಚಿಕೊಂಡಿತು. ಒಂದು ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಕುಸಿದಳು. ಬಂದರಿನ ನನ್ನ ಅಂಗಡಿ ಮುಚ್ಚಿ ಆಸ್ಪತ್ರೆಗೆ ಒಯ್ದೆ.

ಅಲ್ಲಿ ಕನ್ನಡ, ತುಳು, ಕೊಂಕಣಿ ಎಲ್ಲ ನಡೆಯುತ್ತಿತ್ತು. ಮನೆಯಿಂದ ಹೊರಗೆ ಬಾರದ ಉಮ್ಮನಿಗೆ ಬ್ಯಾರಿ ಮಾತು ಒಂದೇ ಗೊತ್ತು. ಹಾಗಾಗಿ ನಡುವೆ ನಾನು.

"ಎಲ್ಲಿ ನೋವು ಉಂಟಂತೆ, ಕೇಳಿ" ಎಂದರು ಡಾಕ್ಟರು. ಉಮ್ಮ ಗೋಡೆಯ ಕಡೆ ತಿರುಗಿ "ಹೊಟ್ಟೆ" ಎಂದಳು. ಅದನ್ನೇ ಹೇಳಿದೆ. ಮೂರು ದಿನ ಹೊಟ್ಟೆಗೇ ಮದ್ದಾಯಿತು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ವರಾಂಡದಲ್ಲಿ ಅತ್ತಿಂದಿತ್ತ ನಡೆದೆ, ಬೀಡಿ ಹಚ್ಚಿ ಎಸೆದೆ, ಸುಮ್ಮನೆ ನರ್ಸುಗಳ ಮೇಲೆ ರೇಗಿದೆ. ಮೈಯಲ್ಲಿ ರಕ್ತ ಮೊದಲಿಗಿಂತಲೂ ಕಡಿಮೆಯಾಗಿದೆ ಎಂದರು ಡಾಕ್ಟರು.

ಆ ಆಸ್ಪತ್ರೆಯ ಡಾಕ್ಟರರಲ್ಲಿ ನಮ್ಮವರಿರಲಿಲ್ಲ, ನರ್ಸುಗಳಲ್ಲೂ ಇರಲಿಲ್ಲ. ಇದ್ದದ್ದು ವಾರ್ಡು ಗುಡಿಸುವ ಬೀಫಾತಿಮ ಒಬ್ಬಳೇ. ನಾಲ್ಕನೇ ದಿನ ಅವಳು ಹಿಡಿಸೂಡಿ ಒರಗಿಸಿ ಉಮ್ಮನನ್ನು ನಮ್ಮ ಮಾತಿನಲ್ಲೇ ಕೇಳಿದಳು:

"ನಮಾಜು ಯಾವಾಗಿಂದ ಇಲ್ಲ?"

ಉಮ್ಮ ಅಳತೊಡಗಿದಳು. "ನೀವು ಹೊರಗೆ ಹೋಗಿ ಮಾರಾಯ್ರೆ" ಎಂದು ಬೀಫಾತಿಮ ನನ್ನನ್ನು ಅಟ್ಟಿದಳು. ಗಂಜಿ ತಂದಿದ್ದ ತಂಗಿ ನಫೀಸಾ ಒಳಗೇ ಉಳಿದಳು.

ಆಮೇಲೆ ಅವಳೇ ಹೊರಗೆ ಬಂದು ಹೇಳಿದಳು: ಮುಟ್ಟು ನಿಂತು ವರ್ಷಗಳಾದ ಉಮ್ಮನಿಗೆ ಎರಡು ತಿಂಗಳಿಂದ ರಕ್ತ ಹೋಗುತ್ತಿತ್ತು.

ರಕ್ತ ಹೋಗುವಾಗ ನಮಾಜು ಇಲ್ಲ ಎಂದು ಉಮ್ಮ ನಂಬಿದ್ದಳು. ಅದನ್ನು ಮಗನ ಬಾಯಿಂದ ಗಂಡಸು ಡಾಕ್ಟರಿಗೆ ಹೇಳಿಸುವುದಕ್ಕಿಂತ ಸಾಯುವುದೇ ಸಲೀಸು ಎಂದುಕೊಂಡಿದ್ದಳು. ನನಗೆ ಸಿಟ್ಟು ಬಂತು. ಆಮೇಲೆ ನಾಚಿಕೆಯಾಯಿತು.

ಬೀಫಾತಿಮ ನರ್ಸಿಗೆ ತುಳುವಿನಲ್ಲಿ ಹೇಳಿದಳು. ಬಯಾಪ್ಸಿ ಆಯಿತು, ಆಪರೇಷನ್ ಆಯಿತು, ಗರ್ಭಕೋಶ ತೆಗೆದರು. "ಇನ್ನೂ ತಡ ಆಗಿದ್ದರೆ ಕ್ಯಾನ್ಸರ್ ಹರಡುತ್ತಿತ್ತು" ಎಂದರು ಡಾಕ್ಟರು.

ಡಿಸ್ಚಾರ್ಜಿನ ದಿನ ಬೀಫಾತಿಮಳಿಗೆ, "ನೀವು ನರ್ಸ್ ಆಗಬೇಕಿತ್ತು" ಎಂದೆ.

"ಎರಡನೇ ಕ್ಲಾಸಲ್ಲಿ ಅಣ್ಣ ಶಾಲೆ ಬಿಡಿಸಿದ" ಎಂದು ಬಕೆಟ್ ಎತ್ತಿಕೊಂಡು ಹೋದಳು.

ಎರಡು ವರ್ಷದ ಹಿಂದೆ, ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ, ಐದನೇ ಕ್ಲಾಸಿನಿಂದ ನಫೀಸಾಳ ಹೆಸರು ತೆಗೆಸಿದವನು ನಾನು.

ಮೂರು ತಿಂಗಳಿಗೊಮ್ಮೆ ಚೆಕಪ್ ಉಂಟು. ಉಮ್ಮ ಈಗ ಕುರ್ಚಿಯಲ್ಲಿ ಕೂತು ನಮಾಜು ಮಾಡುತ್ತಾಳೆ. ಅವಳ ನಮಾಜು ಸ್ವಲ್ಪ ತಡವಾದರೂ ಅಂಗಡಿಗೆ ಹೊರಟ ನಾನು ಬಾಗಿಲಲ್ಲೇ ನಿಲ್ಲುತ್ತೇನೆ. ದೇವರು ಉಳಿಸಿಕೊಟ್ಟ, ಆದರೂ ಹೆದರಿಕೆ ಹೋಗಿಲ್ಲ.

ನಿನ್ನೆ ನಫೀಸಾಳನ್ನು ಮತ್ತೆ ಸೇರಿಸಲಿಕ್ಕೆ ಶಾಲೆಗೆ ಕರೆದುಕೊಂಡು ಹೋದೆ. "ಮುಂದೆ ಎಂತ ಆಗ್ಬೇಕಂತೆ ಇವಳಿಗೆ?" ಎಂದು ಹೆಡ್‌ಮಿಸ್ಟ್ರೆಸ್ ನನ್ನನ್ನು ಕೇಳಿದರು. ನಾನು ಬಾಯಿ ತೆರೆದೆ.

"ನಾನೇ ಹೇಳ್ತೇನೆ" ಎಂದಳು ನಫೀಸಾ.

ನಾನು ಬಾಯಿ ಮುಚ್ಚಿದೆ.

"ನರ್ಸ್" ಎಂದಳು.