ಬೀಗರನ್ನು ಬೈಯುವ ಅಕ್ಕಯ್ಯಮ್ಮ

ನನ್ನ ಓರಗಿತ್ತಿ ಅಕ್ಕಯ್ಯಮ್ಮನ ಬಾಯಲ್ಲಿ ಬೈಸಿಕೊಳ್ಳದೆ ನಮ್ಮ ಚಿಂತಾಮಣಿ ಕಡೆ ನೆಂಟರಲ್ಲಿ ಯಾರೂ ನೆಟ್ಟಗೆ ಅಳಿಯನಾದದ್ದಿಲ್ಲ. ಬೀಗರ ಊಟಕ್ಕೆ ಗಂಡಿನ ಕಡೆಯವರು ಪಂಕ್ತಿಯಲ್ಲಿ ಕೂತ ಕೂಡಲೇ ಇವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಪದ ಶುರು ಮಾಡುವಳು. ಒಬ್ಬನು ನುಂಗುವ ಮುದ್ದೆ, ಒಬ್ಬಳು ಮಡಿಲಿಗೆ ಜಾರಿಸುವ ಮೂಳೆ, ಯಾವುದನ್ನೂ ಬಿಡಳು. ಕೋಳಿ ಅಟ್ಟುವುದು ತೆಲುಗಿನಲ್ಲಿ, ಬೀಗರನ್ನು ಬೈಯುವುದು ಕನ್ನಡದಲ್ಲಿ. ಯಾಕೆ ಹಂಗೆ ಅಂದರೆ, "ಕೋಳಿಗೆ ಕನ್ನಡ ಬರಲ್ಲ ಕಣೇ" ಅನ್ನುವಳು.

ಮದುವೆ ಗೊತ್ತಾದ ತಕ್ಷಣ ಆ ಊರಿನ ಕಡೆಯಿಂದ ಬರುವ ಬಳೆಗಾರನನ್ನೋ ಸೊಪ್ಪಿನವಳನ್ನೋ ಜಗಲಿ ಮೇಲೆ ಕೂರಿಸಿ ಮಜ್ಜಿಗೆ ಕೊಡುವಳು. ಬೀಗರ ಮನೇಲಿ ಏನು ಬೇಯಿಸ್ತಾರೆ, ಯಾರಿಗೆ ಕೊಬ್ಬಿನ ತುಂಡೇ ಬೇಕು, ಯಾರು ಸಾರನ್ನು ಸೊರ್ ಅಂತ ಕುಡೀತಾರೆ, ಎಲ್ಲ ಬಾಯಿ ಬಿಡಿಸುವಳು. ಆಮೇಲೆ ಅವರೆಕಾಳು ಹಿತಕುತ್ತಾ ಒಂದೊಂದೇ ಸಾಲು ಕಟ್ಟುವಳು. ಬೇಳೆ ಒಂದು ಬುಟ್ಟಿ ಆಗುವಷ್ಟರಲ್ಲಿ ಬೀಗರ ಮಾನವೂ ಒಂದು ಬುಟ್ಟಿ ಆಗಿರುತ್ತಿತ್ತು. ಆದರೆ ಬಡತನ, ಮಕ್ಕಳಿಲ್ಲದ್ದು, ಸತ್ತವರು, ಇವನ್ನು ಮಾತ್ರ ಎತ್ತುತ್ತಿರಲಿಲ್ಲ. "ಹೊಟ್ಟೆ ಎಲ್ಲರಿಗೂ ಐತೆ. ಅದನ್ನ ಬೈದರೆ ಸಾಕು."

ನಮ್ಮನ್ನು ಕೋಲಾರದಿಂದ ಬಿಡಿಸಿ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿಸಿದ ವರ್ಷ ಅವಳ ಮೊಮ್ಮಗಳು ಚೈತನ್ಯಳ ಮದುವೆ ಆಯಿತು. ಗಂಡು ಗೌರಿಬಿದನೂರು ಕಡೆಯ ಚನ್ನಕೇಶವ, ದನದ ಡಾಕ್ಟರು. ಚೈತನ್ಯಳ ಅಪ್ಪ, ಅಂದರೆ ಅಕ್ಕಯ್ಯಮ್ಮನ ಮಗ ಮುರಳಿಮೋಹನ್, ಹೈಸ್ಕೂಲು ಮೇಷ್ಟ್ರು. ಬೀಗರ ಊಟ ಹತ್ತಿರ ಬಂದಂತೆ ಅವನಿಗೆ ನಿದ್ದೆ ಹೋಯಿತು.

"ಅಮ್ಮ, ಅವರು ಓದಿಕೊಂಡ ಜನ. ಈ ಸಲ ಬೋಟಿ ಗೀಟಿ ಅಂತ ಹಾಡಬೇಡಮ್ಮ. ಸಂಬಂಧ ಕೆಡುತ್ತೆ."

"ಬೋಟಿ ಬೇಯಿಸಬೌದು, ಹಾಡಬಾರದೇನೋ?"

"ನಾನೇ ಒಂದು ಕವನ ಬರೆದಿದೀನಿ. ಅದನ್ನ ಹೇಳು ಸಾಕು."

ಅವನು ಓದಿ ಓದಿ ಹೇಳಿಕೊಟ್ಟ, ಅವಳು ಬಾಯಿಪಾಠ ಮಾಡಿದಳು. ಮೊಮ್ಮಗಳ ಬಾಳು ಅಂದರೆ ಅವಳಿಗೂ ಅಂಜಿಕೆ. ಆ ಸಲ ಬಳೆಗಾರನಿಗೆ ಮಜ್ಜಿಗೆ ಸಿಗಲಿಲ್ಲ.

ಮನೆ ಮುಂದೆ ಶಾಮಿಯಾನ. ಬೀಗರು ಕೂತರು. ಎಲೆಗೆ ಮುದ್ದೆ, ಕುರಿ ಕರುಳಿನ ಬೋಟಿ ಗೊಜ್ಜು, ಮಟನ್ ಸಾರು ಬಂತು. ಅಕ್ಕಯ್ಯಮ್ಮ ಪ್ರಾರ್ಥನೆಗೆ ನಿಂತ ಹುಡುಗಿಯಂಗೆ ಕೈ ಮುಗಿದು ಹೇಳಿದಳು:

"ಬನ್ನಿರಿ ಬಂಧುಗಳೆ, ಭಾಗ್ಯದ ಸಿಂಧುಗಳೆ,
ಷಡ್ರಸದ ಭೋಜನವ ಸವಿಯುತ್ತ ಹರಸಿರಿ..."

ಗಂಡಿನ ಅಜ್ಜಿ ರಾಮಲಕ್ಷ್ಮಮ್ಮ ಮುದ್ದೆಗೆ ಇಟ್ಟಿದ್ದ ಕೈ ಹಿಂದಕ್ಕೆ ತೆಗೆದರು. ದೊಡ್ಡವರು ಉಣ್ಣದೆ ಉಳಿದವರು ಹೆಂಗೆ ಉಂಡಾರು? ಪಂಕ್ತಿಗೆ ಪಂಕ್ತಿಯೇ ಎಲೆ ಮುಂದೆ ಕೈ ಕಟ್ಟಿ ಕೂತಿತು.

ಮುರಳಿಮೋಹನ್ ರಾಮಲಕ್ಷ್ಮಮ್ಮನ ಹತ್ತಿರ ಓಡಿ ಬಂದ. "ಏನಾಯ್ತಮ್ಮ? ಉಪ್ಪು ಕಮ್ಮಿ ಆಯ್ತಾ?"

"ಉಪ್ಪು ಸರಿಗೈತೆ ಮೇಷ್ಟ್ರೇ. ಬೈಗುಳ ಎಲ್ಲಿ? ನನ್ನ ದೊಡ್ಡ ಸೊಸೆ ಕಡೆಯವರು ನಮ್ಮ ಏಳು ತಲೆಮಾರಿನ ಹೊಟ್ಟೆ ಬೈದರು, ಹೊಟ್ಟೆ ತುಂಬ ಉಂಡು ಬಂದ್ವಿ. ಬೈಯ್ಯೋರು ನೆಂಟರು. ಕೈ ಮುಗಿಯೋರು ಓಟು ಕೇಳೋಕೆ ಬಂದೋರು. ನಮ್ಮನ್ನ ನೀವು ನೆಂಟರು ಅಂತ ಲೆಕ್ಕಕ್ಕೇ ಇಟ್ಟಿಲ್ಲ. ಏಳ್ರಪ್ಪ, ಕೈ ತೊಳ್ಕೊಳ್ಳಿ!"

ಸಾರು ಆರಿ ಕೆನೆ ಕಟ್ಟುತ್ತಿತ್ತು. ಮುರಳಿಮೋಹನ್ ಅಮ್ಮನ ಕಡೆ ತಿರುಗಿದ. "ಅಮ್ಮ, ಬೈಯಮ್ಮ!"

"ಭಾಗ್ಯದ ಸಿಂಧುಗಳನ್ನ ಹೆಂಗಪ್ಪ ಬೈಯ್ಯೋದು?"

"ಕಾಲಿಗೆ ಬೀಳ್ತೀನಿ ಕಣಮ್ಮ."

ಅವಳು ಜಗ್ಗಲಿಲ್ಲ. ನಿಜಕ್ಕೂ ಅವಳ ಹತ್ತಿರ ಒಂದು ಸಾಲೂ ಇರಲಿಲ್ಲ, ನನಗದು ಗೊತ್ತಿತ್ತು. ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ಚೈತನ್ಯ ಅಳುದನಿಯಲ್ಲಿ, "ಅಜ್ಜಿ, ಬೈಯಜ್ಜಿ" ಅಂದಳು. ಅಕ್ಕಯ್ಯಮ್ಮ ಮಗನನ್ನು ಪಕ್ಕಕ್ಕೆ ತಳ್ಳಿ, ಬೀಗಿತ್ತಿಯ ಮುಖವನ್ನೇ ದಿಟ್ಟಿಸಿ, ಸೆರಗು ಸಿಕ್ಕಿಸಿದಳು.

"ಬಂದಾರೆ ಬೀಗಾರು ಗೌರಿಬಿದನೂರೋರು
ಮುದ್ದೆ ಮುಂದಿಟ್ಟರೆ ಮುನಿಸು ತೋರೋರು
ಮುನಿಸೆಲ್ಲ ಸುಳ್ಳಮ್ಮ, ಮೂಗರಳಿ ನಿಂತೈತೆ
ಬೋಟಿ ಗಮಲಿಗೆ ಬಾಯೂರಿ ಕುಂತೋರು!"

ಶಾಮಿಯಾನ ಹಾರಿಹೋಗುವಂಗೆ ನಕ್ಕರು. ರಾಮಲಕ್ಷ್ಮಮ್ಮ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ನುಂಗಿ, ಕೂತಲ್ಲಿಂದಲೇ ತಿರುಗಿಸಿ ಕೊಟ್ಟರು:

"ಚಿಂತಾಮಣಿ ಬೀಗಿತ್ತಿ ಸಾರೊಂದು ಕಾಸ್ಯಾಳೆ
ಕೆರೆಯಂಗೆ ತುಂಬೈತೆ, ದಡವೇ ಕಾಣಲ್ಲ
ತುಂಡಿಗೆ ಮುಳುಗಿದ ನಮ್ಮೂರ ಗಂಡಸರು
ಮೀನಾಗಿ ಹೋದಾರೆ, ಮೇಲಕ್ಕೆ ಬರಲಿಲ್ಲ!"

ಇನ್ನು ಯಾರು ಬಿಡುತ್ತಾರೆ? ಅಕ್ಕಯ್ಯಮ್ಮ ಅಳಿಯನನ್ನು ಹಿಡಿದಳು: ಬದುಕಿದ ಕುರಿಗೆ ಮದ್ದು ಕೊಡೋನು, ಬೆಂದ ಕುರಿಗೆ ಎಲೆ ಒಡ್ಡೋನು. ಚನ್ನಕೇಶವ ನಾಚಿಕೊಂಡೇ ಇನ್ನೊಂದು ತುಂಡು ಹಾಕಿಸಿಕೊಂಡ. ಹೊಟ್ಟೆಬಾಕ ಅನ್ನಿಸಿಕೊಂಡ ಗಂಡಸರು ಹೌದು ಅಂತ ತೋರಿಸಲಿಕ್ಕೆ ಮತ್ತೊಂದು ಮುದ್ದೆ ಕೇಳಿದರು. ಪದ ಮುಗಿಯದೆ ಏಳುವಂತಿಲ್ಲ, ಸುಮ್ಮನೆ ಕೂರಲೂ ಆಗುವುದಿಲ್ಲ, ಉಂಡೇ ಉಂಡರು. ಮುರಳಿಮೋಹನ್ ಸಾರಿನ ಬಕೆಟ್ ಹಿಡಿದು ಬೆವರು ಸುರಿಸಿಕೊಂಡು ಓಡಾಡಿದ.

ವ್ಯಾನು ಹತ್ತುವಾಗ ರಾಮಲಕ್ಷ್ಮಮ್ಮ ಚೈತನ್ಯಳನ್ನು ತಮ್ಮ ಪಕ್ಕಕ್ಕೆ ಎಳೆದು ಕೂರಿಸಿಕೊಂಡು, "ಜಿಪುಣಿ, ಬರ್ತೀನಿ ಕಣೇ" ಎಂದು ಕಿಟಕಿಯಿಂದ ಅಕ್ಕಯ್ಯಮ್ಮನಿಗೆ ಕೂಗಿದರು.

ನಮ್ಮವರು ಉಣ್ಣಲು ಕೂತಾಗ ಸಾರು, ಗೊಜ್ಜಿನ ಪಾತ್ರೆಗಳಲ್ಲಿ ಸೌಟು ಬಿಟ್ಟರೆ ಏನೂ ಇರಲಿಲ್ಲ. ಪಕ್ಕದ ಮನೆಯಿಂದ ಮಜ್ಜಿಗೆ ತಂದು ಉಳಿದ ಮುದ್ದೆ ಕಿವುಚಿಕೊಂಡೆವು.

"ಅಮ್ಮ, ಒಂದೆರಡು ಪದ ಕಮ್ಮಿ ಹಾಡಿದ್ರೆ ನಮಗೂ ಒಂದು ತುಂಡು ಉಳೀತಿತ್ತು" ಅಂದ ಮುರಳಿಮೋಹನ್.

ಹಾಡಿ ಹಾಡಿ ಅಕ್ಕಯ್ಯಮ್ಮನ ದನಿಯೇ ಬಿದ್ದುಹೋಗಿತ್ತು. ತನ್ನ ಎಲೆಯ ಈರುಳ್ಳಿ ಚೂರನ್ನು ಅವನ ಎಲೆಗೆ ಹಾಕಿ, ಉಣ್ಣು ಎಂದು ಕೈಸನ್ನೆ ಮಾಡಿದಳು.