ತಳ ಕಾಣುವ ನೀರು

ನಮ್ಮ ಅತ್ತಿಗೆಗೆ ಒಂದು ವಿಚಿತ್ರ ಅಭ್ಯಾಸವಿದೆ. ಯಾರಾದರೂ ಮಲಗಿದ್ದರೆ ಅವರ ಕಾಲಿನ ಹೆಬ್ಬೆರಳು ಹಿಡಿದು ಒಮ್ಮೆ ಜಗ್ಗುತ್ತಾರೆ. ನನ್ನ ಅಣ್ಣ ಊಟ ಮುಗಿಸಿ ಸೋಫಾದ ಮೇಲೆ ಕಣ್ಣು ಮುಚ್ಚಿದರೆ ಸಾಕು, ಪಾತ್ರೆ ಎತ್ತಿಕೊಂಡು ಹೋಗುವಾಗ ಒಂದು ಸಲ, ನೆಲ ಒರೆಸಿಕೊಂಡು ಬರುವಾಗ ಇನ್ನೊಂದು ಸಲ. ಅಣ್ಣ ಕಣ್ಣು ತೆರೆಯದೆಯೇ "ಇದೀನಿ ಕಣೇ, ಇದೀನಿ" ಎಂದು ಗೊಣಗುತ್ತಾನೆ. ನನ್ನ ಮಗಳು ಚಿಕ್ಕವಳಿದ್ದಾಗ ತೊಟ್ಟಿಲಲ್ಲಿ ನಿದ್ದೆ ಹೋಗಿ ಇನ್ನೂ ಗಳಿಗೆಯಾಗಿರುತ್ತಿರಲಿಲ್ಲ, ಅತ್ತಿಗೆ ಬಂದು ಎಬ್ಬಿಸಿಬಿಡುತ್ತಿದ್ದರು. ಆಗ ನನಗೆ ಬರುತ್ತಿದ್ದ ಸಿಟ್ಟು ಅಷ್ಟಿಷ್ಟಲ್ಲ.

ಅತ್ತಿಗೆ ಈಜುಕೊಳದಲ್ಲಿ ಲೈಫ್‌ಗಾರ್ಡ್. ಎತ್ತರದ ಕಬ್ಬಿಣದ ಕುರ್ಚಿಯ ಮೇಲೆ ಕೊರಳಿಗೆ ವಿಸಿಲ್ ಹಾಕಿಕೊಂಡು ಕೂರುವುದು, ನೀರನ್ನು ನೋಡುವುದು, ಇಷ್ಟೇ ಕೆಲಸ. ಅದೇ ಕೊಳದ ಟಿಕೆಟ್ ಕಿಟಕಿಯಲ್ಲಿ ನನ್ನನ್ನು ಕೂರಿಸಿದವರೂ ಅವರೇ. ನಾನು ಅಣ್ಣನ ಮನೆಯ ಕೆಳಗಿನ ಭಾಗದಲ್ಲೇ ಸಂಸಾರ ಹೂಡಿದವಳು, ಹಾಗಾಗಿ ಹಗಲಿಡೀ ಕೊಳದಲ್ಲಿ ಅತ್ತಿಗೆ, ಸಂಜೆ ಮನೆಯಲ್ಲಿ ಅತ್ತಿಗೆ. ಕಿಟಕಿಯಿಂದ ನೇರ ನೋಡಿದರೆ ಅವರ ಬೆನ್ನು, ಅದರಾಚೆ ನೀಲಿ ಟೈಲ್ಸಿನ ತಳ. ನೀರು ಎಷ್ಟು ತಿಳಿಯೆಂದರೆ ಯಾರದೋ ತಲೆಯ ಕ್ಲಿಪ್ಪು ಕೆಳಗೆ ಬಿದ್ದಿದ್ದರೆ ಅದರ ಬಣ್ಣ ಹೇಳಬಹುದು.

ಮುಳುಗುವವರು ಕೂಗಿ ಕರೆಯುತ್ತಾರೆ, ಕೈಕಾಲು ಬಡಿಯುತ್ತಾರೆ ಎಂದು ನಾನು ತಿಳಿದಿದ್ದೆ. ಅತ್ತಿಗೆ ನಕ್ಕುಬಿಟ್ಟರು. ಗಲಾಟೆ ಮಾಡುವಷ್ಟು ಉಸಿರಿರುವವರ ಚಿಂತೆ ಅವರಿಗಿಲ್ಲವಂತೆ. ಮುಳುಗುವವರು ಪಕ್ಕದಲ್ಲಿ ಇದ್ದವರಿಗೂ ಗೊತ್ತಾಗದಂತೆ ಇಳಿದುಹೋಗುತ್ತಾರಂತೆ. ಅಷ್ಟು ಜನರ ಒದ್ದಾಟ, ಕಿರುಚಾಟದ ನಡುವೆ ಅಲ್ಲಾಡದೆ ಇರುವುದು ಯಾವುದು ಎಂದು ಅವರ ಕಣ್ಣು ಹುಡುಕುತ್ತಲೇ ಇರುತ್ತದೆ. ಕಂಡರೆ ಮೊದಲು ಹಾರುವುದು, ಆಮೇಲೆ ವಿಚಾರಿಸುವುದು. ಮನೆಯಲ್ಲೂ ಆ ಕಣ್ಣನ್ನು ಕಳಚಿಡಲು ಆಗದೆ ಪಾಪ ನಮ್ಮ ಹೆಬ್ಬೆರಳಿಗೆ ಬರುತ್ತಾರೆ.

ಈ ಬದುಕಿಗೆ ಕಲ್ಲು ಹಾಕಿದವನು ತಿಮಿಂಗಿಲಣ್ಣ.

ಅವನನ್ನು ಹೆತ್ತವರು ಏನೆಂದು ಕರೆಯುತ್ತಾರೋ ಗೊತ್ತಿಲ್ಲ. ಫೋನಿನಲ್ಲಿ ಅವನ ಹೆಸರು ಅದು. ಮೊದಲು ಪ್ರೇಮಭಂಗವಾಯಿತೆಂದು ಕ್ಯಾಮೆರಾ ಮುಂದೆ ಅತ್ತ, ವಿಡಿಯೋ ಓಡಲಿಲ್ಲ. ಆಮೇಲೆ ಬೇಗ ಶ್ರೀಮಂತರಾಗುವುದು ಹೇಗೆಂದು ಹೇಳಿಕೊಟ್ಟ, ಅದೂ ಓಡಲಿಲ್ಲ. ಒಂದು ದಿನ ನೀರಿನ ತಳದಲ್ಲಿ ಹೆಣದ ಹಾಗೆ ಬಿದ್ದುಕೊಂಡ, ಓಡಿಯೇ ಓಡಿತು. ಉಸಿರು ಬಿಗಿಹಿಡಿದು, ಬೋರಲು ಮಲಗಿ, ಒಂದು ಕೈ ಮೇಲೆತ್ತಿಕೊಂಡು ಎಷ್ಟು ಹೊತ್ತು ಇರಬಲ್ಲಿರಿ ಎಂಬುದು ಅವನ ಚಾಲೆಂಜು. ಅವನ ಅಭಿಮಾನಿಗಳು ತಮ್ಮನ್ನು ತಾವೇ ಮರಿಗಳು ಎಂದು ಕರೆದುಕೊಳ್ಳುತ್ತಾರೆ. ಮೀಸೆ ಬಂದ ಗಂಡಸರೂ ಮರಿಗಳೇ. ನಾನು ಹೆತ್ತದ್ದೂ ಒಂದು ಮರಿ, ಏಳನೇ ಕ್ಲಾಸು. ತಿಮಿಂಗಿಲಣ್ಣ ಕೆಮ್ಮಿದರೆ ಇವಳಿಗೆ ಗಂಟಲು ನೋವು. ಈಜು ಕಲಿ ಎಂದು ಅತ್ತಿಗೆ ಎಷ್ಟು ಗೋಗರೆದರೂ ಕೊಳಕ್ಕೆ ಇಳಿದವಳಲ್ಲ, ಕೂದಲು ಹಾಳಾಗುತ್ತದಂತೆ. ಊಟದ ತಟ್ಟೆ ಮುಂದಿಟ್ಟುಕೊಂಡು ಉಸಿರು ಕಟ್ಟುವುದನ್ನು ಮಾತ್ರ ಅಭ್ಯಾಸ ಮಾಡುತ್ತಿದ್ದಳು.

ಒಂದು ಭಾನುವಾರ ನಮ್ಮ ಕೊಳದ ತಳದಲ್ಲಿ ಒಬ್ಬ ಹುಡುಗ ಅಲ್ಲಾಡದೆ ಬಿದ್ದಿದ್ದ. ಅತ್ತಿಗೆ ಉಟ್ಟ ಬಟ್ಟೆಯಲ್ಲೇ ಕುರ್ಚಿಯಿಂದ ಹಾರಿದರು, ಕೂದಲು ಹಿಡಿದು ಮೇಲೆಳೆದರು. ಅವನು ಕಣ್ಣು ಬಿಟ್ಟವನೇ, ಇನ್ನು ಸ್ವಲ್ಪ ಹೊತ್ತು ಬಿಟ್ಟಿದ್ದರೆ ರೆಕಾರ್ಡು ಆಗುತ್ತಿತ್ತು, ಎಲ್ಲ ಕೆಡಿಸಿಬಿಟ್ಟಿರಿ ಎಂದು ರೇಗಿದ. ದಡದಲ್ಲಿ ಅವನ ಗೆಳೆಯ ವಿಡಿಯೋ ಮಾಡುತ್ತಿದ್ದ. ಮರುದಿನ ತಿಮಿಂಗಿಲಣ್ಣ ಅದನ್ನು ತನ್ನ ಪೇಜಿಗೆ ಹಾಕಿದ. ಅತ್ತಿಗೆ ಹಾರುವಾಗ ಎಮ್ಮೆ ಕೂಗುವ ಸದ್ದು, ನೀರಿಗೆ ಬಿದ್ದಾಗ ಬಾಂಬು. ಹೆಸರೂ ಇಟ್ಟಾಯಿತು: ಹಾರೋ ಆಂಟಿ.

ಆ ವಾರದಿಂದ ನನ್ನ ಕಿಟಕಿಯ ಮುಂದೆ ಸಾಲು ರಸ್ತೆಯವರೆಗೆ ಹೋಯಿತು. ಆಂಟಿ ಹಾರುವವರೆಗೆ ತಳದಲ್ಲಿ ಬಿದ್ದಿರುವುದು, ಇದೇ ಹೊಸ ಆಟ. ಅತ್ತಿಗೆ ಒಬ್ಬನನ್ನು ಎತ್ತಿ ದಡಕ್ಕೆ ತರುವಷ್ಟರಲ್ಲಿ ಆ ಕಡೆ ಇನ್ನೊಬ್ಬ. ವಿಸಿಲ್ ಊದಿದರೆ ಅದಕ್ಕೂ ಚಪ್ಪಾಳೆ. ಸಂಜೆ ಮನೆಗೆ ಬಂದರೆ ಅವರ ಕಣ್ಣು ಕ್ಲೋರಿನ್ನಿಗೆ ಕೆಂಡದಂತಾಗಿರುತ್ತಿತ್ತು. ಆ ಪುಂಡರಿಗೆ ಬುದ್ಧಿ ಬರುವವರೆಗೆ ಕೂತಲ್ಲೇ ಕೂತಿರಿ, ಯಾಕೆ ಹಾರುತ್ತೀರಿ ಎಂದು ನಾನು ಬೈದೆ.

ಅತ್ತಿಗೆ ನನ್ನ ಮುಖವನ್ನೇ ನೋಡಿದರು.

"ನಂಗಿರೋ ಭಯಾನೇ ಅದು ಕಣೇ. ಅವರು ನಗೋದಕ್ಕೆ ಹೆದರಲ್ಲ ನಾನು. ಒಂದಿನ ನಂಗೂ ಸಾಕಾಗಿ, ಇದೂ ಆಟಾನೇ ಇರಬೇಕು ಅಂತ ಕೂತುಬಿಡ್ತೀನಲ್ಲ, ಆವತ್ತು ಆಟ ಆಗಿರಲ್ಲ."

ಮಾರನೆಯ ದಿನ ಇಬ್ಬರೂ ಮ್ಯಾನೇಜರ್ ಹತ್ತಿರ ಹೋದೆವು. ಆತ ಕೆಟ್ಟವನಲ್ಲ, ಎಲ್ಲರಿಗೂ ಒಳ್ಳೆಯವನಾಗಬೇಕು ಎಂಬುದೊಂದೇ ಅವನ ರೋಗ. ಆಟ ನಿಷೇಧ ಎಂದು ಬೋರ್ಡು ಹಾಕಿಸಿದ. ಅಷ್ಟಕ್ಕೇ ಮರಿಗಳು ಮೈಮೇಲೆ ಬಂದವರ ಹಾಗೆ ಆಡಿದರು. ಕೊಳದ ಪೇಜಿನ ತುಂಬ ಬೈಗುಳ. ಅತ್ತಿಗೆಯ ನಂಬರು ಅದು ಹೇಗೋ ಹೊರಗೆ ಹೋಗಿ ಫೋನು ಬಡಿದುಕೊಳ್ಳತೊಡಗಿತು. ತಿಮಿಂಗಿಲಣ್ಣನ ಆಟಕ್ಕೆ ಅಡ್ಡ ಬರಬೇಡ, ನಿನ್ನ ಮನೆಯ ಗೇಟು ಹಸಿರು ಬಣ್ಣದ್ದು ಎಂದು ಒಬ್ಬ ಬರೆದಿದ್ದ. ನಮ್ಮ ಗೇಟು ಹಸಿರೇ. ಆ ಸಂಜೆ ನಾವು ಕಿಟಕಿಗಳನ್ನೆಲ್ಲ ಮುಚ್ಚಿಕೊಂಡು ಕೂತೆವು. ಬೀದಿಯಲ್ಲಿ ಬೈಕಿನ ಸದ್ದಾದರೆ ನಾನು ಎದ್ದು ಬಾಗಿಲ ಚಿಲಕ ನೋಡಿ ಬರುತ್ತಿದ್ದೆ. ಮಗಳು ಮಾತ್ರ, ತಿಮಿಂಗಿಲಣ್ಣ ಇದನ್ನೆಲ್ಲ ಮಾಡಿಸುವವನಲ್ಲ, ಅವನಿಗೆ ಗೊತ್ತೇ ಇರುವುದಿಲ್ಲ ಎಂದು ಅವನ ಪರ ವಕಾಲತ್ತು ಮಾಡಿದಳು.

ಮ್ಯಾನೇಜರ್ ಹೆದರಿ ಬೋರ್ಡು ತೆಗೆಸಿದ. ಬದಲಿಗೆ ಒಂದು ನಿಯಮ ಕಂಡುಹಿಡಿದ. ತಿಮಿಂಗಿಲಣ್ಣನ ಹಾಗೆ ಕೈ ಮೇಲೆತ್ತಿ ಮಲಗಿದ್ದರೆ ಅವರು ಚೆನ್ನಾಗಿದ್ದಾರೆ ಎಂದು ಅರ್ಥ, ಕೈ ಇಳಿದರೆ ಮಾತ್ರ ಹಾರಬೇಕು. ಅತ್ತಿಗೆ ತಲೆ ಚಚ್ಚಿಕೊಂಡರು. ಎಚ್ಚರ ತಪ್ಪಿದವರ ಕೈಯನ್ನು ನೀರೇ ಮೇಲೆತ್ತುತ್ತದೆ, ತೇಲುವ ಕೈಗೂ ಎತ್ತಿದ ಕೈಗೂ ಮೇಲಿನಿಂದ ನೋಡಿದರೆ ಏನು ವ್ಯತ್ಯಾಸ ಕಾಣುತ್ತದೆ ಎಂದು ಕೇಳಿದರು. ನೀವು ಎಲ್ಲದಕ್ಕೂ ಕೆಟ್ಟದ್ದನ್ನೇ ಯೋಚಿಸುತ್ತೀರಿ ಮೇಡಂ ಎಂದ ಮ್ಯಾನೇಜರ್.

ನಿಯಮ ಬಂದು ಹೆಚ್ಚು ದಿನವಾಗಿರಲಿಲ್ಲ. ಬಿಸಿಲು ಚುರುಗುಟ್ಟುತ್ತಿತ್ತು, ಕೊಳ ಗಿಜಿಗಿಜಿ. ಕೆಂಪು ಚಡ್ಡಿಯ ಹುಡುಗನೊಬ್ಬ ತಳದಲ್ಲಿ ಬೋರಲು ಮಲಗಿದ್ದ. ಬಲಗೈ ಮೇಲಿತ್ತು. ಅತ್ತಿಗೆ ಎದ್ದು ನಿಂತರು. ದಡದಿಂದ ಹತ್ತಾರು ಜನ ಒಟ್ಟಿಗೆ, ಕೈ ಎತ್ತಿದ್ದಾನೆ ಆಂಟಿ, ಕೈ ನೋಡಿ ಎಂದು ಕೂಗಿದರು. ಫೋನುಗಳೆಲ್ಲ ಅತ್ತಿಗೆಯ ಕಡೆ ತಿರುಗಿದವು. ಆಗ ನಾನು ಕಿಟಕಿಯಿಂದ ಕಂಡದ್ದನ್ನು ಇಂದಿಗೂ ನನ್ನ ಬಾಯಿಂದ ಯಾರಿಗೂ ಹೇಳಿಲ್ಲ. ಅತ್ತಿಗೆ ಮತ್ತೆ ಕೂತರು.

ಕೂತು, ಎರಡು ಕೈಯಲ್ಲೂ ಕುರ್ಚಿಯ ಕಂಬಿ ಹಿಡಿದುಕೊಂಡರು. ಆ ಬೆನ್ನು ಸೆಟೆದುಕೊಂಡದ್ದು ನನಗೆ ಕಾಣುತ್ತಿತ್ತು. ಆಮೇಲೆ ಅವರು ಹಾರಿದರು.

ಹುಡುಗನ ತುಟಿ ನೇರಳೆಯಾಗಿತ್ತು. ದಡದ ಮೇಲೆ ಮಲಗಿಸಿ, ಎದೆ ಒತ್ತಿ, ಬಾಯಿಗೆ ಬಾಯಿಟ್ಟು ಊದಿದರು. ಜನ ಮೊದಮೊದಲು ನಗುತ್ತಲೇ ಇದ್ದರು, ಆಮೇಲೆ ನಗು ನಿಂತಿತು. ಹುಡುಗ ನೀರು ಕಕ್ಕಿ ಅತ್ತ. ಆಂಬುಲೆನ್ಸಿನಲ್ಲಿ ಆಸ್ಪತ್ರೆಗೆ ಹೋದ, ಉಳಿದ. ದೇವರು ದೊಡ್ಡವನು ಎಂದು ನಾನು ಕಣ್ಣೊರೆಸಿಕೊಂಡೆ.

ಅತ್ತಿಗೆ ಆ ದಿನ ಮನೆಗೆ ಬಂದು ಯಾರ ಹೆಬ್ಬೆರಳನ್ನೂ ಮುಟ್ಟಲಿಲ್ಲ. ಮೆಟ್ಟಿಲ ಮೇಲೆ ಕೂತು, "ಕೂತುಬಿಟ್ಟೆ ಕಣೇ" ಎಂದರು. ಅಷ್ಟೇ. ನಾನು ಹೋಗಿ ಪಕ್ಕದಲ್ಲಿ ಕೂತೆ.

ಇಷ್ಟಾದ ಮೇಲಾದರೂ ಬುದ್ಧಿ ಬಂದೀತು ಎಂದುಕೊಂಡಿದ್ದೆ. ವಿಡಿಯೋ ಬಂತು, ಹುಡುಗ ನೀರು ಕಕ್ಕುವ ಭಾಗವನ್ನು ಕತ್ತರಿಸಿದ್ದರು. ಉಳಿದದ್ದಕ್ಕೆ ಅದೇ ಎಮ್ಮೆಯ ಸದ್ದು. ಅರ್ಧ ಜನ ಸೂಪರ್ ಎಂದರು, ಅರ್ಧ ಜನ ಇದೆಲ್ಲ ಮೊದಲೇ ಮಾತಾಡಿಕೊಂಡು ಮಾಡಿದ ನಾಟಕ ಎಂದರು. ಕೆಂಪು ಚಡ್ಡಿಯ ಹುಡುಗನೇ ಆಸ್ಪತ್ರೆಯ ಹಾಸಿಗೆಯಿಂದ ಅದನ್ನು ಹಂಚಿಕೊಂಡಿದ್ದ. ತಿಮಿಂಗಿಲಣ್ಣ ಅವನಿಗೆ ಒಂದು ಹೃದಯದ ಚಿತ್ರ ಕಳಿಸಿದ್ದನಂತೆ. ಅದನ್ನು ನನಗೆ ತೋರಿಸುವಾಗ ನನ್ನ ಮಗಳ ಕಣ್ಣಲ್ಲಿ ಇದ್ದದ್ದು ಹೊಟ್ಟೆಕಿಚ್ಚು. ಆ ಕಣ್ಣು ನೋಡಿ ನನಗಾದ ಹೆದರಿಕೆ ಹಸಿರು ಗೇಟಿನ ಮೆಸೇಜಿನಿಂದಲೂ ಆಗಿರಲಿಲ್ಲ.

ಮುಂದಿನ ಭಾನುವಾರ ಖುದ್ದು ತಿಮಿಂಗಿಲಣ್ಣನೇ ಬಂದು ಹಾರೋ ಆಂಟಿಗೆ ಸನ್ಮಾನ ಮಾಡುತ್ತಾನೆ ಎಂದು ಸುದ್ದಿ ಬಂತು. ಅವನು ಸನ್ನೆ ಮಾಡಿದ ಕೂಡಲೇ ಎಲ್ಲ ಮರಿಗಳೂ ಒಟ್ಟಿಗೆ ತಳಕ್ಕಿಳಿದು ಕೈ ಎತ್ತಿ ಮಲಗಬೇಕು, ಅದು ಆಂಟಿಗೆ ಗೌರವ. ಮ್ಯಾನೇಜರ್ ಹೊಸ ಅಂಗಿ ಹೊಲಿಸಿದ. ಅತ್ತಿಗೆ ಬೇಡವೆಂದು ಕೈಮುಗಿದರು, ಕಾಲು ಹಿಡಿಯುವುದೊಂದು ಬಾಕಿ. ಆತ ಕೇಳಲಿಲ್ಲ. ಶನಿವಾರ ಕೊಳ ಮುಚ್ಚಿದ ಮೇಲೆ ಅತ್ತಿಗೆ ಪಂಪ್ ಮನೆಯ ಬೀಗದ ಕೈ ತೆಗೆದುಕೊಂಡು ಒಳಗೆ ಹೋದದ್ದು ನಾನು ನೋಡಿದೆ. ಸ್ವಲ್ಪ ಹೊತ್ತಿಗೆ ನೀರು ಗೊಳಗೊಳ ಎನ್ನತೊಡಗಿತು. ನಾನು ಸುಮ್ಮನೆ ಕೌಂಟರಿನ ದೀಪ ಆರಿಸಿದೆ.

ಬೆಳಿಗ್ಗೆ ಕೊಳದಲ್ಲಿ ಒಂದು ಹನಿ ನೀರಿರಲಿಲ್ಲ. ಮ್ಯಾನೇಜರ್ ಬಾಯಿಗೆ ಬಂದಂತೆ ಕೂಗಾಡಿ ಅತ್ತಿಗೆಯನ್ನು ಅಲ್ಲೇ ಕೆಲಸದಿಂದ ತೆಗೆದ. ಅತ್ತಿಗೆ ವಿಸಿಲ್ ಬಿಚ್ಚಿ ಕೊಡಲಿಲ್ಲ, ಮನೆಗೂ ಹೋಗಲಿಲ್ಲ. ಅಷ್ಟರಲ್ಲಿ ಗೇಟು ತಳ್ಳಿಕೊಂಡು ಮರಿಗಳು ನುಗ್ಗಿದರು, ನಡುವೆ ಬಿಳಿ ಹಲ್ಲಿನ ತಿಮಿಂಗಿಲಣ್ಣ. ಒಣಗಿದ ಕೊಳ ನೋಡಿ ಗಲಾಟೆಯಾಗುತ್ತದೆ, ಹೊಡೆದೇ ಬಿಡುತ್ತಾರೆ ಎಂದು ನಾನು ಅತ್ತಿಗೆಯ ಕೈ ಹಿಡಿದುಕೊಂಡೆ. ಅವನು ಒಂದು ಕ್ಷಣ ಯೋಚಿಸಿದ. ಆಮೇಲೆ ನಕ್ಕು, ನೀರಿಲ್ಲದಿದ್ದರೇನಂತೆ, ಇಳಿಯಿರಿ ಎಂದ.

ಇಳಿದರು. ದೊಡ್ಡವರು, ಚಿಕ್ಕವರು, ಏಣಿಯಿಂದ, ಅಂಚಿನಿಂದ ಜಾರಿಕೊಂಡು ಇಳಿದರು. ಒಣ ಟೈಲ್ಸಿನ ಮೇಲೆ ಬೋರಲು ಮಲಗಿದರು. ಎಲ್ಲರ ಕೈಗಳೂ ಮೇಲೆದ್ದವು. ಕೆಲವರ ಅಪ್ಪ ಅಮ್ಮಂದಿರೇ ಅಂಚಿನಲ್ಲಿ ಫೋನು ಹಿಡಿದು ನಿಂತಿದ್ದರು. ಅಷ್ಟು ಜನರಲ್ಲಿ ಒಬ್ಬರೂ ಕೆಮ್ಮಲಿಲ್ಲ, ಅಲುಗಲಿಲ್ಲ.

ಅತ್ತಿಗೆ ನನ್ನ ಕೈ ಬಿಡಿಸಿಕೊಂಡು ಏಣಿಯಿಳಿದರು. ಮಲಗಿದವರ ಸಾಲಿನಲ್ಲಿ ಬಗ್ಗಿ ಬಗ್ಗಿ ಒಬ್ಬೊಬ್ಬರ ಹೆಬ್ಬೆರಳನ್ನು ಜಗ್ಗುತ್ತ ಹೋದರು. ಮೇಲೆ ನಗು, ಶಿಳ್ಳೆ. ತಿಮಿಂಗಿಲಣ್ಣ ಹಿಂದೆ ಹಿಂದೆಯೇ ಕ್ಯಾಮೆರಾ ಹಿಡಿದು ನಡೆದ. ಆಳದ ಕಡೆಯ ಮೂಲೆಯಲ್ಲಿ ಅತ್ತಿಗೆ ನಿಂತುಬಿಟ್ಟರು, ತಿರುಗಿ ನನ್ನನ್ನು ಕೈಬೀಸಿ ಕರೆದರು.

ಅಲ್ಲಿ ನನ್ನ ಮಗಳಿದ್ದಳು. ಟ್ಯೂಷನ್ನಿಗೆ ಹೋಗುತ್ತೇನೆಂದು ಹೊರಟವಳು. ಕೆನ್ನೆ ಟೈಲ್ಸಿಗೆ ಒತ್ತಿತ್ತು, ಕಣ್ಣು ಮುಚ್ಚಿತ್ತು, ಕೈ ನೆಟ್ಟಗೆ ಮೇಲಿತ್ತು. ನಾನು ಭುಜ ಹಿಡಿದು ಅಲ್ಲಾಡಿಸಿದೆ, ಹೆಸರು ಹಿಡಿದು ಕೂಗಿದೆ. ತುಟಿ ಅಷ್ಟೇ ಅಲುಗಿತು.

"ಮುಟ್ಟಬೇಡಮ್ಮ. ವಿಡಿಯೋ ಹಾಳಾಗುತ್ತೆ."

ಅಷ್ಟು ಹೊತ್ತಿಗೆ ತಿಮಿಂಗಿಲಣ್ಣ ಅಂಚಿನ ಮೇಲೆ ಹತ್ತಿ ನಿಂತು ಘೋಷಿಸಿದ. ಇವತ್ತಿನ ಗೌರವ ಅರ್ಧವಾಯಿತು, ಉಳಿದರ್ಧ ಬರುವ ಭಾನುವಾರ, ನದಿಯಲ್ಲಿ. ಅಲ್ಲಿ ಯಾರೂ ಬೋರ್ಡು ಹಾಕುವವರಿಲ್ಲ, ನೀರು ಖಾಲಿ ಮಾಡುವವರೂ ಇಲ್ಲ. ಕೊಳದ ತಳದಲ್ಲಿದ್ದ ಕೈಗಳೆಲ್ಲ ಒಟ್ಟಿಗೆ ಮುಷ್ಟಿಯಾದವು. ನನ್ನ ಮಗಳದ್ದೂ ಆಯಿತು.

ಆಮೇಲೆ ಅವಳನ್ನು ಬೈದೆ, ಹೊಡೆದೆ, ಫೋನು ಕಸಿದುಕೊಂಡು ಬೀರುವಿನಲ್ಲಿಟ್ಟೆ. ಅವಳು ಅಳಲಿಲ್ಲ, ಜಗಳವಾಡಲಿಲ್ಲ. ಆಯಿತಮ್ಮ, ಹೋಗಲ್ಲ ಎಂದಳು. ಟ್ಯೂಷನ್ನಿಗೆ ಹೋಗುತ್ತೇನೆ ಎಂದದ್ದೂ ಇದೇ ದನಿಯಲ್ಲಿ.

ನದಿಯನ್ನು ನಾನು ಬಲ್ಲೆ. ಕೆಂಪು ನೀರು, ಮೊಣಕಾಲಿನಷ್ಟು ಇಳಿದರೆ ನಮ್ಮ ಪಾದ ನಮಗೇ ಕಾಣುವುದಿಲ್ಲ. ಅತ್ತಿಗೆಗೂ ಗೊತ್ತು. ಶನಿವಾರ ಸಂಜೆ ಅವರು ಮೆಟ್ಟಿಲ ಮೇಲೆ ಕೂತು ವಿಸಿಲಿಗೆ ಹೊಸ ದಾರ ಕಟ್ಟುತ್ತಿದ್ದರು. ಒಳಗೆ ಮಗಳು ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಅತ್ತಿಗೆ ಎದ್ದು ಹೋಗಿ ಅವಳ ಹೆಬ್ಬೆರಳನ್ನು ಜಗ್ಗಿದರು. ಅವಳು ಅಲ್ಲಾಡಲಿಲ್ಲ. ಇನ್ನೊಮ್ಮೆ ಜಗ್ಗಿದರು.

"ಉಸಿರು ಬಿಡೇ" ಎಂದರು ಅತ್ತಿಗೆ. "ಬಿಡು ಮಗಳೇ."

ನಾನು ಬಾಗಿಲಲ್ಲಿ ನಿಂತು ಕಾದೆ.